ರಾತ್ರಿಯ ಊಟ: ಖಾರ ಉಳಿಯಲಿ, ಅನ್ನ ಇಳಿಯಲಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಅದರ ಮೊದಲರ್ಧದಲ್ಲಿರುವ ‘ಬಲ್ಲ’ ಎಂಬ ಮಾತಿನ ಅರ್ಥವನ್ನು ಕೂಲಂಕಷವಾಗಿ ವಿಚಾರಿಸಿದವರು ವಿರಳ. ಊಟ ಬಲ್ಲವನೆಂದರೆ ರುಚಿಯನ್ನರಿತವನು ಎಂದಷ್ಟೇ ತಿಳಿದರೆ ಸಾಲದು. ಎಷ್ಟು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ಇದ್ದುದನ್ನು ಮನೆಯವರೆಲ್ಲ ಹೇಗೆ ಹಂಚಿಕೊಂಡು ಉಣ್ಣಬೇಕು ಎಂಬುದೂ ಆ ಅರಿವಿಗೆ ಸೇರಿದ ಮಾತೇ. ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಊರಿನ ರುಚಿ ಇಂದಿಗೂ ಭದ್ರವಾಗಿದೆ. ಅಳತೆ, ಹೊತ್ತು, ಹಂಚಿಕೆ ಈ ಮೂರು ಮಾತ್ರ ಸಡಿಲಗೊಂಡಿವೆ. ಅದರ ಫಲವಾಗಿ ಸಕ್ಕರೆ ಕಾಯಿಲೆ, ಬೊಜ್ಜು, ಎದೆಯುರಿ ಮುಂತಾದವು ಮನೆಮನೆಯ ಮಾತಾಗಿವೆ.

ವೈದ್ಯರ ಬಳಿಗೆ ಹೋಗಿ ಬಂದವರು ಸಾಮಾನ್ಯವಾಗಿ ಮೊದಲು ಕೈಬಿಡುವುದು ಖಾರವನ್ನು, ಬಳಿಕ ಕೋಳಿಯನ್ನು. ಅನ್ನದ ರಾಶಿಯನ್ನಾಗಲಿ ರಾತ್ರಿ ಹತ್ತೂವರೆಯ ಊಟವನ್ನಾಗಲಿ ಯಾರೂ ಮುಟ್ಟುವುದಿಲ್ಲ. ನಿರಪರಾಧಿಗೆ ಶಿಕ್ಷೆ ವಿಧಿಸಿ ಅಪರಾಧಿಯನ್ನು ಮನೆಯಲ್ಲಿಯೇ ಇಟ್ಟುಕೊಂಡಂತಾಯಿತು. ಈ ತೀರ್ಪನ್ನು ಮರುಪರಿಶೀಲಿಸುವ ಕಾಲ ಬಂದಿದೆ.

ಗದ್ದೆಯ ಊಟ, ಪಟ್ಟಣದ ದೇಹ

ಕನ್ನಡ ನಾಡಿನ ಯಾವ ಭಾಗವನ್ನು ನೋಡಿದರೂ ಕೋಳಿಯ ಅಡುಗೆಗೆ ಒಂದು ಧಾನ್ಯದ ಜೋಡಿಯುಂಟು. ಕರಾವಳಿಯಲ್ಲಿ ಕೋರಿ ರೊಟ್ಟಿ, ಮಲೆನಾಡಿನಲ್ಲಿ ಕಡುಬು, ಹಳೆಯ ಮೈಸೂರಿನಲ್ಲಿ ರಾಗಿ ಮುದ್ದೆ, ಕೊಡಗಿನಲ್ಲಿ ಕಡಂಬುಟ್ಟು, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ. ಈ ಜೋಡಿಗಳು ಹುಟ್ಟಿದ ಕಾಲದಲ್ಲಿ ಕೋಳಿಯೆಂಬುದು ಹಬ್ಬಕ್ಕೆ, ನೆಂಟರು ಬಂದಾಗ, ದೈವದ ಕೋಲ ನಡೆದಾಗ ಮಾತ್ರ ಕಾಣುವ ಪದಾರ್ಥವಾಗಿತ್ತು. ಹಿತ್ತಿಲಲ್ಲಿ ಸಾಕಿದ ಒಂದು ಹುಂಜ ಹತ್ತು ಹನ್ನೆರಡು ಮಂದಿಯ ಎಲೆಗೆ ಸಾಲಬೇಕಾಗಿತ್ತು. ಆದುದರಿಂದ ತುಂಡು ಕಡಿಮೆ, ಸಾರು ಹೆಚ್ಚು, ಆ ಸಾರನ್ನು ಹೀರಿಕೊಳ್ಳಲು ಧಾನ್ಯ ಅದಕ್ಕಿಂತಲೂ ಹೆಚ್ಚು ಎಂಬ ಲೆಕ್ಕಾಚಾರ ತಾನಾಗಿಯೇ ರೂಢಿಗೆ ಬಂದಿತು. ಉಂಡವರು ಮರುದಿನ ಮುಂಜಾನೆ ಗದ್ದೆಗಿಳಿದು ನೇಜಿ ನೆಡುವವರು, ನೇಗಿಲು ಹಿಡಿಯುವವರು, ಬಾವಿಯಿಂದ ನೀರು ಸೇದುವವರು. ಉಂಡ ಅನ್ನ ದುಡಿಮೆಯಲ್ಲಿ ಕರಗುತ್ತಿತ್ತು.

ಮುಂಬಯಿಗೆ ಬಂದ ಕನ್ನಡಿಗ ಈ ಲೆಕ್ಕಾಚಾರವನ್ನು ಹಾಗೆಯೇ ಹೊತ್ತು ತಂದನು. ಮೊದಲ ತಲೆಮಾರಿನವರು ಹೋಟೆಲುಗಳಲ್ಲಿ ಹದಿನಾರು ಗಂಟೆ ನಿಂತು ದುಡಿದರು. ಅವರ ದೇಹ ಅದನ್ನು ತಾಳಿಕೊಂಡಿತು. ಇಂದಿನವರು ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಗಾಡಿಯಲ್ಲಿ ಹೋಗಿ, ದಿನವಿಡೀ ಕುರ್ಚಿಯಲ್ಲಿ ಕುಳಿತು, ರಾತ್ರಿ ಹಿಂದಿರುಗುತ್ತಾರೆ. ಕೋಳಿಯಾದರೋ ಈಗ ಪ್ರತಿಯೊಂದು ಗಲ್ಲಿಯಲ್ಲಿಯೂ, ವರ್ಷದ ಎಲ್ಲ ದಿನವೂ ದೊರೆಯುತ್ತದೆ. ಅಭಾವದ ದಿನಗಳು ಕಳೆದುಹೋದರೂ ಅಭಾವದ ದಿನಗಳಲ್ಲಿ ಹುಟ್ಟಿದ ಅಳತೆ ಮಾತ್ರ ತಟ್ಟೆಯಲ್ಲಿ ಉಳಿದಿದೆ. ಎರಡು ತುಂಡು ಕೋಳಿಯ ನೆಪದಲ್ಲಿ ನಾಲ್ಕು ಸೌಟು ಅನ್ನ ಹೊಟ್ಟೆ ಸೇರುತ್ತದೆ.

ಅಳತೆಯ ವಿಚಾರ

ಬೆಂದ ಅನ್ನದ ನೂರು ಗ್ರಾಮಿನಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿರುತ್ತದೆ. ಗಸಿಯೊಡನೆ ಬೆಟ್ಟದಂತೆ ಬಡಿಸಿಕೊಳ್ಳುವ ಅನ್ನ 300 ಗ್ರಾಂ ತೂಗಿದರೆ ಆಶ್ಚರ್ಯವಿಲ್ಲ. ಅಲ್ಲಿಗೆ ಪಿಷ್ಟ 84 ಗ್ರಾಂ ಆಯಿತು. ಕೋರಿ ರೊಟ್ಟಿ ಗರಿಗರಿಯಾಗಿ ಹಗುರವಾಗಿರುವುದರಿಂದ ಹಲವರು ಅದನ್ನು ತಿಂಡಿಯಂತೆ ಭಾವಿಸುತ್ತಾರೆ. ವಾಸ್ತವವಾಗಿ ಅದು ನೀರಿನಂಶ ಆರಿಹೋದ ಅಕ್ಕಿ. ಅದರ ತೂಕದ ಸುಮಾರು ಮುಕ್ಕಾಲು ಪಾಲು ಪಿಷ್ಟವೇ. ರಾಗಿ, ಜೋಳಗಳಲ್ಲಿ ನಾರಿನಂಶ ಹೆಚ್ಚೆಂಬುದು ನಿಜವಾದರೂ ಅವುಗಳ ಹಿಟ್ಟಿನ ತೂಕದಲ್ಲಿ ಮೂರನೆಯ ಎರಡು ಪಾಲು ಪಿಷ್ಟವಿದೆ. ಅನ್ನ ಬಿಟ್ಟು ಎರಡು ಮುದ್ದೆ ನುಂಗಿದವನು ಪಥ್ಯ ಮಾಡಿದಂತಾಗುವುದಿಲ್ಲ.

ಇದಕ್ಕೆ ಎದುರಾಗಿ ಚರ್ಮ ತೆಗೆದ ಕೋಳಿಮಾಂಸದಲ್ಲಿ ಪಿಷ್ಟವಿಲ್ಲವೆಂದೇ ಹೇಳಬೇಕು. ಎಲುಬಿಲ್ಲದ ನೂರು ಗ್ರಾಂ ಹಸಿ ಎದೆಮಾಂಸದಲ್ಲಿ ಇಪ್ಪತ್ತು ಗ್ರಾಮಿಗೂ ಮಿಕ್ಕಿ ಸಸಾರಜನಕ, ಅಂದರೆ ಪ್ರೋಟೀನು, ದೊರೆಯುತ್ತದೆ. ಹೊಟ್ಟೆ ತುಂಬಿದ ಭಾವವನ್ನು ಬಹಳ ಹೊತ್ತು ಉಳಿಸುವ ಗುಣ ಪ್ರೋಟೀನಿಗಿದೆ. ಹೀಗಿರುವಾಗ ಕೋಳಿಯನ್ನು ಅತಿಥಿಯಾಗಿಯೂ ಅನ್ನವನ್ನು ಯಜಮಾನನಾಗಿಯೂ ಕೂರಿಸುವುದು ಯಾವ ನ್ಯಾಯ?

ದೇಶದ ಅಂಕಿಸಂಖ್ಯೆಗಳೂ ಇದನ್ನೇ ಸೂಚಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ವ್ಯಾಪಕ ಸಮೀಕ್ಷೆಯ ಪ್ರಕಾರ, 2021ರ ವೇಳೆಗೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿತ್ತೆಂದೂ ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದರೆಂದೂ ಅಂದಾಜು ಮಾಡಲಾಗಿದೆ. ಭಾರತೀಯರು ಪಡೆಯುವ ಶಕ್ತಿಯಲ್ಲಿ ಸುಮಾರು ಶೇಕಡಾ 62ರಷ್ಟು ಪಿಷ್ಟದಿಂದಲೇ ಬರುತ್ತದೆಂದು ಅದೇ ಅಧ್ಯಯನದ ಮುಂದಿನ ಭಾಗ 2025ರಲ್ಲಿ ತಿಳಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಧಾನ್ಯಗಳಿಂದ ಬರುವ ಶಕ್ತಿ ಶೇಕಡಾ 45ನ್ನು ಮೀರದಿರುವುದು ಒಳ್ಳೆಯದೆಂಬ ಸಲಹೆಯಿದೆ.

ಅನ್ನವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಇದರರ್ಥವಲ್ಲ. ಅನ್ನ ಬಿಟ್ಟ ವ್ರತಗಳು ಬಹುಕಾಲ ನಡೆಯುವುದಿಲ್ಲ. ಮೂರನೆಯ ವಾರದಲ್ಲಿ ಮುರಿದು, ಬಿಟ್ಟದ್ದನ್ನು ಬಡ್ಡಿಸಹಿತ ತಿನ್ನುವಂತೆ ಮಾಡುತ್ತವೆ. ಹಗಲಿನ ಊಟದಲ್ಲಿ ಮಿತವಾದ ಅನ್ನ ಇರಲಿ. ರಾತ್ರಿಯ ತಟ್ಟೆಯಲ್ಲಿ ಅರ್ಧಭಾಗ ತರಕಾರಿ ಸೊಪ್ಪುಗಳಿಗೆ, ಕಾಲುಭಾಗ ಅಥವಾ ತುಸು ಹೆಚ್ಚು ಕೋಳಿಗೆ, ಉಳಿದ ಚಿಕ್ಕ ಜಾಗ ಒಂದು ಸೌಟು ಅನ್ನಕ್ಕೋ ಒಂದು ತೆಳು ರೊಟ್ಟಿಗೋ ಮೀಸಲಾಗಲಿ. ಇಷ್ಟು ಬದಲಾವಣೆಯಾದರೂ ಸಾಕಷ್ಟು ಫಲ ಸಿಗುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಕೋಳಿಯ ಸ್ಥಾನವನ್ನು ಪನೀರು, ಮೊಳಕೆ ಬರಿಸಿದ ಹುರುಳಿ, ಕಡಲೆಗಳು ವಹಿಸಬಹುದು. ಕಾಳುಗಳಲ್ಲಿ ಪಿಷ್ಟವೂ ಇರುವುದರಿಂದ ಅಲ್ಲಿ ಅನ್ನದ ಪಾಲು ಇನ್ನಷ್ಟು ಚಿಕ್ಕದಾಗಬೇಕು.

ಖಾರದ ಮೇಲಿನ ಅಪವಾದ

ಹೊಟ್ಟೆಹುಣ್ಣಿಗೆ ಖಾರವೇ ಕಾರಣವೆಂಬ ನಂಬಿಕೆ ಬಹಳ ಹಳೆಯದು. ಆದರೆ ಈ ಹುಣ್ಣುಗಳಲ್ಲಿ ಹೆಚ್ಚಿನವಕ್ಕೆ ಜಠರದಲ್ಲಿ ನೆಲೆಸುವ ಒಂದು ಬಗೆಯ ಸೂಕ್ಷ್ಮಾಣುವಾಗಲಿ, ನೋವು ನಿವಾರಕ ಗುಳಿಗೆಗಳ ಅತಿ ಬಳಕೆಯಾಗಲಿ ಕಾರಣವೆಂದು ವೈದ್ಯಲೋಕ ಒಪ್ಪಿ ದಶಕಗಳೇ ಕಳೆದಿವೆ. ಆ ಸೂಕ್ಷ್ಮಾಣುವಿನ ಪಾತ್ರವನ್ನು ತೋರಿಸಿಕೊಟ್ಟ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹುಣ್ಣು ಅಥವಾ ಎದೆಯುರಿ ಈಗಾಗಲೇ ಇರುವವರಿಗೆ ಖಾರ ಯಾತನೆಯನ್ನು ಹೆಚ್ಚಿಸಬಹುದು; ಅಂಥವರು ಅದನ್ನು ತಗ್ಗಿಸಬೇಕಾದುದು ಸರಿಯೇ. ಉಳಿದವರು ಮೆಣಸಿನಕಾಯಿಯನ್ನು ವಿಷವೆಂದು ಭಾವಿಸಬೇಕಾಗಿಲ್ಲ.

ಅಷ್ಟೇ ಅಲ್ಲ, ಅನ್ನ ಕಡಿಮೆಯಾದ ತಟ್ಟೆ ಸಪ್ಪೆಯೆನಿಸದಂತೆ ಕಾಯುವುದು ಮಸಾಲೆಯೇ. ಉಪ್ಪು ನೀರಿನಲ್ಲಿ ಬೇಯಿಸಿದ ಕೋಳಿಯನ್ನು ಆರೋಗ್ಯದ ಹೆಸರಿನಲ್ಲಿ ಎಷ್ಟು ದಿನ ತಿನ್ನಲಾದೀತು? ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗಾಢವಾದ ಕೆಂಪು ಬಣ್ಣ, ಹದವಾದ ಖಾರ ಅದರ ಗುಣ. ಕರಾವಳಿಯ ಸುಕ್ಕಕ್ಕೂ ಬೆಳಗಾವಿಯ ಕಡೆ ವರ್ಷಕ್ಕೊಮ್ಮೆ ಕುಟ್ಟಿಸಿ ತುಂಬಿಡುವ ಮಸಾಲೆ ಖಾರಕ್ಕೂ ಅದೇ ಆಧಾರ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿಗಳ ಹಿತವಾದ ಸೇರುವೆಯಿದ್ದರೆ ಉಪ್ಪನ್ನೂ ಸ್ವಲ್ಪ ಹಿಡಿತದಲ್ಲಿಡಬಹುದು. ರಕ್ತದೊತ್ತಡವಿರುವವರಿಗೆ ಇದೊಂದು ಉಪಕಾರ. ಊರಿನ ಖಾರವನ್ನು ಉಳಿಸಿಕೊಂಡೇ ಪಿಷ್ಟವನ್ನು ಇಳಿಸಲು ಸಾಧ್ಯವಿರುವಾಗ ಊರಿನ ನೆನಪನ್ನೇ ತಟ್ಟೆಯಿಂದ ಹೊರಹಾಕುವ ಅಗತ್ಯವಿಲ್ಲ.

ಅಡುಗೆಯ ಕ್ರಮ

ಕನ್ನಡ ನಾಡಿನ ಕೋಳಿಯ ಅಡುಗೆಗಳಲ್ಲಿ ಒಣಗಿಸಿ ಮಾಡುವಂಥವು ರಾತ್ರಿಗೆ ಹೆಚ್ಚು ಅನುಕೂಲ. ನೀರಾದ ಗಸಿ ಅನ್ನವನ್ನು ಕರೆಯುತ್ತದೆ. ಸುಕ್ಕಕ್ಕೆ ಅನ್ನದ ಹಂಗಿಲ್ಲ. ನಾಲ್ವರಿಗೆ ಚರ್ಮ ತೆಗೆಸಿದ, ಎಲುಬುಸಹಿತವಾದ 800 ಗ್ರಾಂ ಕೋಳಿ ಸಾಕು. ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಿಕ್ಕ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಕಾಲು ಚಮಚ ಮೆಂತ್ಯ, ಇವನ್ನು ಬೇರೆ ಬೇರೆಯಾಗಿ ಹುರಿದು, ಆರೆಂಟು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಸಿನ, ಸ್ವಲ್ಪ ಹುಣಸೆಹುಳಿಯೊಡನೆ ಗಟ್ಟಿಯಾಗಿ ಅರೆಯಬೇಕು. ಮೂರು ಚಿಕ್ಕ ಚಮಚ ಎಣ್ಣೆಯಲ್ಲಿ ಎರಡು ನೀರುಳ್ಳಿಯನ್ನು ಬಾಡಿಸಿ, ಕೋಳಿ ಮತ್ತು ಉಪ್ಪು ಹಾಕಿ ಮುಚ್ಚಿಟ್ಟರೆ ತನ್ನ ನೀರಿನಲ್ಲಿಯೇ ಬೇಯುತ್ತದೆ. ಮುಕ್ಕಾಲು ಬೆಂದಾಗ ಮಸಾಲೆ ಸೇರಿಸಿ, ಪೂರ್ತಿ ಬೆಂದ ಮೇಲೆ ತೆಂಗಿನ ತುರಿಯನ್ನು ಹುರಿದು ಉದುರಿಸಿ ನೀರಾರುವವರೆಗೆ ಮಗುಚಬೇಕು.

ಇಲ್ಲಿ ಎಚ್ಚರ ಬೇಕಾದುದು ತೆಂಗಿನಕಾಯಿಯ ವಿಷಯದಲ್ಲಿ. ಹಸಿ ತೆಂಗಿನ ತುರಿಯ ತೂಕದ ಮೂರನೆಯ ಒಂದು ಪಾಲು ಕೊಬ್ಬು, ಅದರಲ್ಲಿಯೂ ಬಹುಭಾಗ ಹೃದ್ರೋಗಿಗಳು ಮಿತಿಯಲ್ಲಿಡಬೇಕಾದ ಬಗೆಯದು. ಇಡೀ ಕಾಯಿಯನ್ನು ತುರಿದು ಸುರಿಯುವ ಬದಲು ನಾಲ್ಕು ದೊಡ್ಡ ಚಮಚದಷ್ಟು ತುರಿಯನ್ನು ಚೆನ್ನಾಗಿ ಕೆಂಪಗೆ ಹುರಿದರೆ ಪರಿಮಳಕ್ಕೆ ಕೊರತೆಯಾಗದು. ಅನ್ನ ಬಿಟ್ಟೆನೆಂಬ ಹೆಮ್ಮೆಯಲ್ಲಿ ತುಪ್ಪದಲ್ಲಿ ಮುಳುಗಿಸಿದ ಕೋಳಿಯನ್ನು ಪ್ರತಿರಾತ್ರಿ ತಿಂದರೆ ಒಂದು ರೋಗವನ್ನು ಬಾಗಿಲಿಂದ ಕಳಿಸಿ ಇನ್ನೊಂದನ್ನು ಕಿಟಕಿಯಿಂದ ಕರೆದಂತೆ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದ ಕಬಾಬು, ಲಾಲಿಪಾಪುಗಳಲ್ಲಿ ಪಿಷ್ಟವೂ ಇದೆ, ಜಿಡ್ಡೂ ಇದೆ. ಅವುಗಳ ಜೊತೆಗೆ ಗ್ಲಾಸೂ ಬಂದು ಕುಳಿತರೆ ಪಥ್ಯದ ಮಾತು ಮುಗಿದಂತೆಯೇ.

ಕೊಡಗು, ಮಲೆನಾಡುಗಳ ಕಡೆಯ ಕಾಳುಮೆಣಸಿನ ಕೋಳಿ ಇನ್ನೂ ಸುಲಭ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕರಿಬೇವುಗಳ ಒಗ್ಗರಣೆಯಲ್ಲಿ ಕೋಳಿಯನ್ನು ಬೇಯಿಸಿ, ಆಗತಾನೆ ಜಜ್ಜಿದ ಕಾಳುಮೆಣಸು ಉದುರಿಸಿ, ಇಳಿಸುವಾಗ ನಿಂಬೆರಸ ಹಿಂಡಬೇಕು. ಎರಡು ಕಟ್ಟು ಮೆಂತ್ಯದ ಸೊಪ್ಪನ್ನು ಕೊನೆಯಲ್ಲಿ ಸೇರಿಸಿದರೆ ತರಕಾರಿಯೂ ಅದರಲ್ಲಿಯೇ ಬಂದಂತಾಗುತ್ತದೆ. ಸಾರೇ ಬೇಕೆನ್ನುವವರು ತೆಳುವಾದ ಕೋಳಿಸಾರಿಗೆ ನುಗ್ಗೆಸೊಪ್ಪು, ಸೋರೆಕಾಯಿ ಅಥವಾ ಮೂಲಂಗಿ ಹಾಕಿ ಬಟ್ಟಲಿನಲ್ಲಿ ಕುಡಿಯಬಹುದು. ತುಂಡು ಸಾಲದಾದಾಗ ಬಟಾಟೆ ಸೇರಿಸಿ ಪಾತ್ರೆ ತುಂಬಿಸುವ ವಾಡಿಕೆ ರಾತ್ರಿಗೆ ಬೇಡ. ಪಕ್ಕದಲ್ಲಿ ಅಲಸಂಡೆ ಅಥವಾ ತೊಂಡೆಕಾಯಿಯ ಪಲ್ಯ, ಸೌತೆಕಾಯಿಯ ಹೋಳು ಇರಲಿ. ಉತ್ತರ ಕರ್ನಾಟಕದವರಿಗೆ ಈ ಉಪದೇಶವೇ ಬೇಡ. ಹಸಿ ಉಳ್ಳಾಗಡ್ಡಿ, ಮೆಂತ್ಯ, ಹಕ್ಕರಿಕೆಗಳನ್ನು ಊಟದೊಡನೆ ಕಚ್ಚಿ ತಿನ್ನುವ ಪದ್ಧತಿ ಅವರಲ್ಲಿ ಮೊದಲಿನಿಂದಲೂ ಇದೆ. ಅದನ್ನು ಪಟ್ಟಣದಲ್ಲಿ ಮರೆಯದಿದ್ದರೆ ಸಾಕು.

ಹೊತ್ತಿನ ವಿಚಾರ

ಒಂದೇ ಪ್ರಮಾಣದ ಆಹಾರ ಬೆಳಗಿನಲ್ಲಿ ಏರಿಸುವುದಕ್ಕಿಂತ ಹೆಚ್ಚಾಗಿ ರಾತ್ರಿಯಲ್ಲಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಹೊತ್ತು ಇಳಿದಂತೆ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿಯೂ ಇಳಿಯುತ್ತದೆಂಬುದು ಇದಕ್ಕೆ ಕಾರಣ. ತುಂಬಿದ ಹೊಟ್ಟೆಯೊಡನೆ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಏರಿ ಎದೆಯುರಿಯುತ್ತದೆ. ಮರುದಿನ ಅದರ ತಪ್ಪನ್ನು ಮೆಣಸಿನಕಾಯಿಯ ತಲೆಗೆ ಕಟ್ಟಲಾಗುತ್ತದೆ. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಬೇಕು. ಮುಂಬಯಿಯ ಅದೇ ಕಟ್ಟಡಗಳಲ್ಲಿ ವಾಸಿಸುವ ಜೈನ ಕುಟುಂಬಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಿಯಮವನ್ನು ಇಂದಿಗೂ ಪಾಲಿಸುವವರಿದ್ದಾರೆ. ಅವರದು ಧರ್ಮದ ಕಟ್ಟಳೆ. ಆದರೆ ದೀಪದೆಣ್ಣೆ ಉಳಿಸಲೆಂದು ಬೇಗ ಉಂಡು ಮಲಗುತ್ತಿದ್ದ ಹಳ್ಳಿಯ ಹಿರಿಯರಿಗೂ ಅದೇ ಲಾಭ ತಿಳಿಯದೆಯೇ ದೊರೆಯುತ್ತಿತ್ತು.

ಒಂಬತ್ತಕ್ಕೆ ಮನೆ ಸೇರುವವನು ಏಳಕ್ಕೆ ಉಣ್ಣುವುದು ಹೇಗೆಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಎರಡು ದಾರಿಗಳಿವೆ. ಸಂಜೆ ಐದಾರು ಗಂಟೆಗೆ ಹಸಿವು ಕೆರಳಿ, ನಿಲ್ದಾಣದ ಬಳಿ ವಡಾಪಾವಿಗೆ ಕೈಚಾಚುವ ಮುನ್ನವೇ ಒಂದು ಹಿಡಿ ಹುರಿಗಡಲೆಯನ್ನೋ ಶೇಂಗಾವನ್ನೋ ಬೇಯಿಸಿದ ಮೊಟ್ಟೆಯನ್ನೋ ತಿಂದರೆ ರಾತ್ರಿಯ ತಟ್ಟೆ ತಾನಾಗಿ ಚಿಕ್ಕದಾಗುತ್ತದೆ. ವಡಾಪಾವೆಂದರೆ ಬಟಾಟೆ, ಕಡಲೆಹಿಟ್ಟು, ಮೈದಾಗಳ ಸಂಗಮ. ಅದರ ಮೇಲೆ ಅನ್ನದ ಊಟವೆಂದರೆ ಒಂದೇ ಸಂಜೆಗೆ ಎರಡು ಊಟ. ಎರಡನೆಯ ದಾರಿ, ಭಾನುವಾರವೇ ವಾರಕ್ಕಾಗುವಷ್ಟು ಮಸಾಲೆಯನ್ನು ಉಪ್ಪು ಬೆರೆಸಿ ಗಟ್ಟಿಯಾಗಿ ಅರೆದು ಶೀತಕಪೆಟ್ಟಿಗೆಯಲ್ಲಿಡುವುದು. ಅರೆಯುವ ಕೆಲಸ ಮುಗಿದಿದ್ದರೆ ಬ್ರಾಯ್ಲರ್ ಕೋಳಿಯ ಸುಕ್ಕ ಮುಕ್ಕಾಲು ಗಂಟೆಯೊಳಗೆ ಸಿದ್ಧ. ರೊಟ್ಟಿ ತಟ್ಟುವ, ಮುದ್ದೆ ತಿರುವುವ ಶ್ರಮವೂ ಕಡಿಮೆಯಾಗುವುದರಿಂದ ಊಟದ ಹೊತ್ತು ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಉಂಡ ಮೇಲೆ ದೂರದರ್ಶನದ ಮುಂದೆ ಒರಗದೆ ಕಟ್ಟಡದ ಸುತ್ತ ಹದಿನೈದು ನಿಮಿಷ ನಡೆದರೆ ಸಕ್ಕರೆಯ ಏರಿಕೆಗೆ ಕಡಿವಾಣ ಬೀಳುತ್ತದೆ.

ಕೊನೆಯ ಪಾಲು

ಅಳತೆ, ಹೊತ್ತುಗಳ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ವ್ಯಕ್ತಿಯೆಂದರೆ ಅಡುಗೆ ಮಾಡಿದವಳು. ಗಂಡ, ಮಕ್ಕಳು, ಅತ್ತೆ ಮಾವಂದಿರು ಉಂಡ ಮೇಲೆ ಹನ್ನೊಂದು ಗಂಟೆಗೆ ಅವಳ ಊಟ. ಆ ವೇಳೆಗೆ ಪಾತ್ರೆಯಲ್ಲಿ ಒಳ್ಳೆಯ ತುಂಡುಗಳು ಉಳಿದಿರುವುದಿಲ್ಲ. ತಳದ ಗಸಿ, ಒಂದು ಕುತ್ತಿಗೆಯ ಎಲುಬು, ಚೆಲ್ಲಲು ಮನಸ್ಸಾಗದ ಅನ್ನ, ಇವೇ ಅವಳ ಪಾಲು. ಮನೆಯಲ್ಲಿ ಅತ್ಯಂತ ಹೆಚ್ಚು ಪಿಷ್ಟ, ಅತ್ಯಂತ ಕಡಿಮೆ ಪ್ರೋಟೀನು, ಅತ್ಯಂತ ತಡವಾದ ಹೊತ್ತು ಯಾರದೆಂದು ಕೇಳಿದರೆ ಉತ್ತರ ಅವಳದೇ. ಗಂಡನ ಸಕ್ಕರೆಯನ್ನು ಇಳಿಸಲೆಂದು ಸುಕ್ಕ ಮಾಡಿ ಬಡಿಸಿದವಳು ಅವನು ಬಿಟ್ಟ ಅನ್ನವನ್ನು ತಾನು ಉಂಡು ಅದೇ ರೋಗವನ್ನು ತನ್ನ ಮೈಗೆ ಬರಮಾಡಿಕೊಳ್ಳುತ್ತಾಳೆ. ಇದಕ್ಕೆ ತ್ಯಾಗವೆಂಬ ದೊಡ್ಡ ಹೆಸರು ಕೊಟ್ಟು ಕೈತೊಳೆದುಕೊಳ್ಳುವುದು ಉಳಿದವರಿಗೆ ಶೋಭೆಯಲ್ಲ.

ಪರಿಹಾರ ಸರಳ. ಬಡಿಸುವ ಮುನ್ನವೇ ಎಲ್ಲರ ತುಂಡುಗಳನ್ನೂ ಬೇರೆ ಬೇರೆ ಬಟ್ಟಲಲ್ಲಿ ತೆಗೆದಿಟ್ಟು, ಅವಳ ಬಟ್ಟಲನ್ನು ಮೊದಲು ತುಂಬಬೇಕು. ಅಕ್ಕಿಯನ್ನು ಅಳೆದೇ ಹಾಕಿದರೆ ಉಳಿಯುವ ಅನ್ನವೇ ಇರುವುದಿಲ್ಲ. ಮನೆಯವರೆಲ್ಲ ಒಂದೇ ಹೊತ್ತಿಗೆ ಕುಳಿತು ಉಂಡರೆ ಬಡಿಸುವ ಕೈಗಳು ಹಲವಾಗುತ್ತವೆ, ಪಾತ್ರೆ ತೊಳೆಯುವ ಕೈಗಳೂ ಹಲವಾಗಲಿ.

ಕೆಲವು ಎಚ್ಚರಿಕೆಗಳು

ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಸಕ್ಕರೆ ಕಾಯಿಲೆಗೆ ಗುಳಿಗೆ ಸೇವಿಸುವವರೂ ವೈದ್ಯರನ್ನು ಕೇಳದೆ ಅನ್ನವನ್ನು ಹಠಾತ್ತನೆ ಇಳಿಸಬಾರದು. ಔಷಧದ ಪ್ರಮಾಣ ಹಾಗೆಯೇ ಇದ್ದು ಪಿಷ್ಟ ಮಾತ್ರ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಅದರ ಲಕ್ಷಣಗಳು. ಮೂತ್ರಪಿಂಡದ ತೊಂದರೆಯುಳ್ಳವರು ಎಷ್ಟು ಪ್ರೋಟೀನು ತಿನ್ನಬೇಕೆಂಬುದನ್ನೂ ವೈದ್ಯರೇ ಹೇಳಬೇಕು. ಗರ್ಭಿಣಿಯರು, ಬೆಳೆಯುವ ಮಕ್ಕಳು ಇಂಥ ಪಥ್ಯವನ್ನು ತಾವಾಗಿ ಹಿಡಿಯತಕ್ಕದ್ದಲ್ಲ. ಉಳಿದವರು ಊಟವಾದ ಎರಡು ಗಂಟೆಗಳ ಬಳಿಕ, ಒಂದು ದಿನ ಅನ್ನ ಗಸಿಯುಂಡು, ಇನ್ನೊಂದು ದಿನ ಸುಕ್ಕ ತರಕಾರಿಯುಂಡು, ರಕ್ತದ ಸಕ್ಕರೆಯನ್ನು ಪರೀಕ್ಷಿಸಿ ನೋಡಿದರೆ ಯಾವ ಲೇಖನಕ್ಕಿಂತಲೂ ಸ್ಪಷ್ಟವಾದ ಉತ್ತರ ಸಿಗುತ್ತದೆ.

ಕನ್ನಡ ಸಂಘಗಳೂ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಡಬಹುದು. ವಾರ್ಷಿಕೋತ್ಸವಗಳಲ್ಲಿ ಸ್ವಾಗತ, ಪ್ರಸ್ತಾವನೆ, ಸನ್ಮಾನ, ಅಧ್ಯಕ್ಷ ಭಾಷಣ, ಯಕ್ಷಗಾನ, ವಂದನಾರ್ಪಣೆ ಎಲ್ಲವೂ ಮುಗಿದು ಊಟಕ್ಕೆ ಸಾಲು ನಿಲ್ಲುವಾಗ ಹತ್ತೂವರೆ ಗಂಟೆಯಾಗುತ್ತದೆ. ಅರುವತ್ತು ದಾಟಿದ ಸದಸ್ಯರು, ಅವರಲ್ಲಿ ಮಧುಮೇಹಿಗಳು, ಆ ಹೊತ್ತಿನಲ್ಲಿ ಅನ್ನ, ಪಾಯಸ, ಹೋಳಿಗೆಗಳನ್ನುಂಡು ಕೊನೆಯ ಗಾಡಿ ಹಿಡಿಯಲು ಓಡುತ್ತಾರೆ. ಏಳೂವರೆಗೆ ಊಟ ಬಡಿಸಿ, ಆ ಬಳಿಕ ಭಾಷಣಗಳನ್ನಿಟ್ಟುಕೊಂಡರೆ ಕೇಳುವವರ ಸಂಖ್ಯೆ ಕಡಿಮೆಯಾಗಬಹುದೆಂಬ ಅಂಜಿಕೆ ಕಾರ್ಯಕರ್ತರಿಗಿರುವುದು ಸಹಜ. ಆದರೆ ಸದಸ್ಯರ ಆರೋಗ್ಯದ ಬಗ್ಗೆ ಸಂಚಿಕೆಯಲ್ಲಿ ಲೇಖನ ಅಚ್ಚು ಹಾಕಿಸುವ ಸಂಘ ಅವರ ಊಟದ ಹೊತ್ತನ್ನು ಗೌರವಿಸಿದರೆ ಆ ಲೇಖನಕ್ಕೂ ಒಂದು ಬೆಲೆ ಬರುತ್ತದೆ. ಭಾಷಣಗಳು ಚುಟುಕಾದರೆ ಯಾರೂ ಎದ್ದು ಹೋಗಲಾರರು.